ನಮ್ಮನೆಯವರು ಕುಡಿತ ಬಿಟ್ಟು ಒಂದು ವರ್ಷ, ಇವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು

ಹೋದ ಯುಗಾದಿಯಿಂದ ಈ ಯುಗಾದಿವರೆಗೆ ನಮ್ಮನೆಯವರು ಒಂದು ಹನಿ ಮುಟ್ಟಿಲ್ಲ. ಅವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಪಕ್ಕದ ಮನೆಯ ಆಟೋ ಅಣ್ಣನಿಗೆ. ಮನಸ್ಸು ಗಟ್ಟಿ ಮಾಡಿದರೆ ಆಯ್ತು ಅಂತ ಎಲ್ಲರೂ ಹೇಳಿದ್ದಕ್ಕೆ ಇವರು ದಿಢೀರ್ ಅಂತ ನಿಲ್ಲಿಸಿದ್ದರು. ಮೂರನೇ ರಾತ್ರಿ ಕೈ ನಡುಕ, ಮೈಯೆಲ್ಲ ಬೆವರು, ಗೋಡೆ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತಾ ಕೂತಿದ್ದರು. ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಅಂದವರೇ ಜಾಸ್ತಿ. ಅಣ್ಣ ಯಾರ ಮಾತನ್ನೂ ಕೇಳದೆ ಇವರನ್ನು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು ಅಂತ ನಮಗೆ ಗೊತ್ತಾದದ್ದು ಅಲ್ಲೇ.

ಆ ವಾರ್ಡಿನ ಡಾಕ್ಟರಮ್ಮನಿಗೆ, ನರ್ಸ್‌ಗಳಿಗೆ ಕೈ ಮುಗಿಯುತ್ತೇನೆ. ಗ್ಲೂಕೋಸ್‌ಗೂ ಮೊದಲು ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು, ಜಾಸ್ತಿ ಕುಡಿಯುವವರಲ್ಲಿ ಅದು ಕಮ್ಮಿಯಾಗಿ ಮೆದುಳಿಗೇ ಪೆಟ್ಟು ಬೀಳುತ್ತದಂತೆ. ನಡುಕ ಇಳಿಸುವ ಮಾತ್ರೆಯನ್ನೂ ದಿನೇ ದಿನೇ ಕಮ್ಮಿ ಮಾಡಿ ನಿಲ್ಲಿಸಿದರು. ಲಿವರಿನಲ್ಲಿ ಕೊಬ್ಬು ತುಂಬಿತ್ತು. ಈಗಲೇ ಬಿಟ್ಟರೆ ಅದು ಸರಿಹೋಗುತ್ತದೆ, ಸಿರೋಸಿಸ್ ಆದರೆ, ಅಂದರೆ ಲಿವರ್ ಗಾಯವಾಗಿ ಗಟ್ಟಿಯಾಗಿಬಿಟ್ಟರೆ, ಮೊದಲಿನ ಹಾಗೆ ಆಗಲ್ಲ ಅಂದರು. ಒಬ್ಬರೂ ಇವರನ್ನು ಕುಡುಕ ಅನ್ನಲಿಲ್ಲ, ಬಿಪಿ ಶುಗರ್ ರೋಗಿಗಳ ಜೊತೆ ಮಾತಾಡುವ ಹಾಗೇ ಮಾತಾಡಿದರು.

ಆದರೆ ನಾನು ಎಲ್ಲರಿಗಿಂತ ಜಾಸ್ತಿ ನೆನೆಯುವುದು ಕೌನ್ಸೆಲರ್ ಸರ್ ಅವರನ್ನು. ಎಷ್ಟು ಕುಡೀತೀರಿ ಅಂತ ಎಲ್ಲರೂ ಕೇಳುತ್ತಾರೆ, ಅವರು ಯಾವಾಗಿನಿಂದ ಜಾಸ್ತಿ ಆಯ್ತು ಅಂತ ಕೇಳಿದರು. ನನ್ನ ಮೈದುನ ಬೈಕ್ ಆಕ್ಸಿಡೆಂಟಲ್ಲಿ ಹೋದ ಮೇಲೆ. ಇವರೇ ಹಿರಿಯರು, ಪೋಸ್ಟ್‌ಮಾರ್ಟಮ್‌ನಿಂದ ತಿಥಿವರೆಗೆ ಎಲ್ಲ ಓಡಾಡಿದ್ದು ಇವರೇ. ಅಳಲಿಲ್ಲ. ನೀನೇ ಹೀಗೆ ಕೂತರೆ ಅಮ್ಮನನ್ನು ನೋಡೋರು ಯಾರು ಅಂತ ನೆಂಟರು ಅಂದಿದ್ದರು. ಆಮೇಲೆ ನಿದ್ದೆಗೆ ಅಂತ ಒಂದು ಕ್ವಾರ್ಟರ್ ಶುರುವಾಯಿತು. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ನಡುರಾತ್ರಿ ಎಚ್ಚರವಾಗಿ ಎದೆ ಢವಢವ ಅನ್ನುತ್ತದೆ, ಅದನ್ನು ತಡೆಯಲು ಮತ್ತೆ ಕುಡಿಯುವುದು. ದುಃಖ ಇರುವವರೆಲ್ಲ ಕುಡಿಯಲ್ಲ ಅಲ್ವಾ ಅಂತ ಕೇಳಿದೆ. ಹೌದಮ್ಮ, ನಿಮ್ಮ ಮಾವನವರೂ ಕುಡೀತಿದ್ದರಲ್ಲ, ವಂಶದಿಂದ ಬರುವುದೂ ಇದೆ, ದುಃಖವೊಂದೇ ಕಾರಣ ಅಂತ ನಾನೂ ಹೇಳಲ್ಲ ಅಂದರು. ಅವರೆದುರೇ ಇವರು ತಮ್ಮನ ಹೆಸರು ಹಿಡಿದು ಮೊದಲ ಸಲ ಅತ್ತಿದ್ದು.

ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರುವ ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್) ಸಭೆಯ ಅಣ್ಣಂದಿರಿಗೂ ಥ್ಯಾಂಕ್ಸ್. ಫೀಸಿಲ್ಲ, ಉಪದೇಶವಿಲ್ಲ, ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾರೆ ಅಷ್ಟೇ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಸಭೆ ಇದೆ. ಇವರ ಕುಡಿತಕ್ಕೆ ನಾನು ಕಾರಣ ಅಲ್ಲ ಅಂತ ನನಗೆ ಧೈರ್ಯ ಬಂದದ್ದು ಅಲ್ಲಿನ ಅಕ್ಕಂದಿರಿಂದ. (ಹೆಂಡತಿ ಸರಿಯಿದ್ದರೆ ಗಂಡ ಯಾಕೆ ಕುಡೀತಾನೆ ಅಂದವರಿಗೆ ಇಲ್ಲಿ ಥ್ಯಾಂಕ್ಸ್ ಇಲ್ಲ.)

ನಿಮ್ಮ ಮನೆಯಲ್ಲೂ ಹೀಗಿದ್ದರೆ ಸುಮ್ನೆ ಕೂರಬೇಡಿ, ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನೆಂಟರಿಗೆ ಒಂದೇ ಮಾತು. ಬರುವ ತಿಂಗಳ ಮದುವೆಗೆ ಇವರನ್ನು ಹಿಂದಿನ ರಾತ್ರಿಯ ಪಾರ್ಟಿಗೆ ಕರೆಯಬೇಡಿ, ಧಾರೆಗೆ ಕರೆಯಿರಿ. ಇಬ್ಬರೂ ಬರುತ್ತೇವೆ.