ಮಂಚದ ಕೆಳಗಿದ್ದ 500 ಪುಸ್ತಕ

ಕಳೆದ ವಾರ ನನ್ನ ಕಥಾ ಸಂಕಲನದ ಕೊನೆಯ ಪ್ರತಿ ಕೊಪ್ಪಳಕ್ಕೆ ಹೋಯಿತು. ಅಚ್ಚು ಹಾಕಿಸಿದ್ದು 500. ಅಷ್ಟೇನಾ ಅಂತೀರಾ? ಎರಡೂವರೆ ವರ್ಷ ಅವು ನಮ್ಮ ಮಂಚದ ಕೆಳಗಿದ್ದವು. ಕಸ ಗುಡಿಸುವಾಗೆಲ್ಲ ಪೊರಕೆಗೆ ತಗಲುತ್ತಿದ್ದವು. ನನಗಂತೂ ಇದು ಸಣ್ಣ ಸಂಗತಿ ಅಲ್ಲ. ಅವನ್ನು ಅಲ್ಲಿಂದ ಹೊರಡಿಸಿದವರಿಗೆಲ್ಲ ಥ್ಯಾಂಕ್ಸ್ ಹೇಳೋಕೇ ಈ ಬರಹ.

ಬರೆಯುವುದು ನನ್ನ ಕೆಲಸ, ಮಾರೋದು ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಆ ಯಾರೋ ಸಿಕ್ಕಿದ್ದೂ ನಿಜ. ವಿತರಕರೊಬ್ಬರು ಅರ್ಧ ಬೆಲೆಗೆ 100 ಪ್ರತಿ ಒಯ್ದರು. ವರ್ಷದ ಮೇಲೆ 62 ವಾಪಸ್ ಬಂದವು, ಮೂಲೆ ಮುದುರಿಕೊಂಡು. ಉಳಿದವುಗಳ ದುಡ್ಡು ಇನ್ನೂ ಬರಬೇಕು. ಅವರಿಗೆ ಇಲ್ಲಿ ಥ್ಯಾಂಕ್ಸ್ ಇಲ್ಲ.

ನಾನೇ ಮಾರೋಣ ಅಂದರೆ ದುಡ್ಡು ಕೇಳೋಕೆ ನಾಚಿಕೆ. ಗೌರವ ಪ್ರತಿ ಅಂತ 70 ಹಂಚಿಬಿಟ್ಟೆ. ಅದರಲ್ಲಿ ಓದಿದೆ ಅಂದವರು ನಾಲ್ಕು ಜನ. ನಾನು ಹಾವೇರಿ ಜಿಲ್ಲೆಯವಳು, ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನಮ್ಮ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಅಂತ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಆದರೆ ಹತ್ತು ಪುಸ್ತಕದ ಚೀಲ ಹಿಡಿದು ಸ್ಟಾಫ್ ರೂಮಿಗೆ ಹೋಗಲು ನನ್ನ ಕಾಲೇ ಬರಲಿಲ್ಲ.

2023ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ಆಯಿತಲ್ಲ, ಪರಿಚಯದ ಪ್ರಕಾಶಕರೊಬ್ಬರು ತಮ್ಮ ಮಳಿಗೆಯ ಟೇಬಲ್ಲಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟರು. ಸರ್, ಮೊದಲ ನಮಸ್ಕಾರ ನಿಮಗೆ. ಎರಡನೆಯದು, ಮೊದಲ ದಿನ ಬಂದ ಆ ರುಮಾಲಿನ ಅಜ್ಜನಿಗೆ. ಪುಸ್ತಕ ಕೈಗೆತ್ತಿಕೊಂಡು, "ಏನೈತ್ರಿ ಇದರಾಗ?" ಅಂದರು. ನಾನು, "ಗ್ರಾಮೀಣ ಬದುಕಿನ ತಲ್ಲಣಗಳು" ಅಂದೆ. ಅಜ್ಜ ತಲೆಯಾಡಿಸಿ, ಮೆಲ್ಲಗೆ ಅಲ್ಲೇ ಇಟ್ಟು ಹೋದರು. ಬೆನ್ನುಡಿಯಲ್ಲಿ ಅಚ್ಚಾಗಿದ್ದ ಮಾತು ಅದು. ಅದನ್ನೇ ಗಿಳಿಪಾಠ ಒಪ್ಪಿಸಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಯಾರು ಕೇಳಿದರೂ, "ಮೊದಲನೇ ಕಥೆ, ಎಮ್ಮೆ ಮಾರಿ ಮಗಳ ಕಾಲೇಜು ಫೀಸು ಕಟ್ಟಿದ ಹೆಣ್ಣುಮಗಳದು. ಮಗಳು ಪರೀಕ್ಷೆಗೇ ಕೂರೋದಿಲ್ಲ" ಅಂದೆ. "ಹೌದಾ? ಯಾಕಂತೆ?" ಅಂತ ಕೇಳಿದವರಲ್ಲಿ ಹೆಚ್ಚಿನವರು ಕೊಂಡರು. ಮೂರು ದಿನಕ್ಕೆ 41 ಪ್ರತಿ! ಅಜ್ಜ ಮಾತ್ರ ಮತ್ತೆ ಸಿಗಲಿಲ್ಲ.

ನನ್ನ ನಿಜವಾದ ಗುರು ಅತ್ತಿಗೆ. ಅವರು ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರುತ್ತಾರೆ. ನನ್ನ ವಾಟ್ಸಾಪ್ ಸ್ಟೇಟಸ್ ನೋಡಿ ಬೈದರು. "ದಿನಾ ಮುಖಪುಟ ಹಾಕಿದ್ರ ಯಾರು ತಗೋತಾರವಾ? ನಾ ಒಂದ್ ಹಪ್ಪಳ ಕರಿದು ಮುರದು ಕೈಗೆ ಕೊಡ್ತೀನಿ. ನೀನೂ ರುಚಿ ತೋರಸು." ಅಂದಿನಿಂದ ಭಾನುವಾರಕ್ಕೊಂದು ಸಲ ಒಂದು ಪುಟ ಓದಿ, ಎರಡು ನಿಮಿಷದ ಆಡಿಯೋ ಹಾಕತೊಡಗಿದೆ. ಹಿಂದೆ ಕುಕ್ಕರ್ ಸೀಟಿ ಕೇಳುತ್ತದೆ ಅಂತ ಕೆಲವರು ನಕ್ಕರು. ಆರ್ಡರೂ ಅವರಿಂದಲೇ ಬಂತು. ಧಾರವಾಡದ ಒಬ್ಬರಂತೂ ಓದಿ ಮುಗಿಸಿ, ತಮ್ಮ ಓದುಗ ಬಳಗಕ್ಕೆ ಅಂತ ಒಂದೇ ಸಲಕ್ಕೆ 25 ತರಿಸಿಕೊಂಡರು.

ಅಂಚೆ ಕಚೇರಿಯ ಕೌಂಟರಿನ ಅಣ್ಣನನ್ನು ಮರೆಯುವ ಹಾಗೇ ಇಲ್ಲ. ಪುಸ್ತಕಗಳಿಗೆ ಅಂತಲೇ ಕಡಿಮೆ ದರವಿದ್ದ ಬುಕ್ ಪೋಸ್ಟಿನಲ್ಲಿ ಕಳಿಸುತ್ತಿದ್ದೆ. ಮೊದಲೆಲ್ಲ ಪ್ರತಿ ಪುಸ್ತಕದೊಳಗೆ ಒಂದು ಕಾಗದ ಬರೆದು ಇಡುತ್ತಿದ್ದೆ. "ಬುಕ್ ಪೋಸ್ಟಿನಲ್ಲಿ ಪತ್ರ ಇಡೋ ಹಾಗಿಲ್ಲ ಮೇಡಂ" ಅಂತ ತೆಗೆಸಿದರು. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟೇ ನಿಂತುಹೋಯಿತು. 150 ರೂಪಾಯಿ ಪುಸ್ತಕಕ್ಕೆ ಅಂಚೆಯದೇ ಭಾರ ಆಯಿತು. "ಎರಡು ಕೊಂಡರೆ ಅಂಚೆ ಖರ್ಚು ನಮ್ಮದು ಅಂತ ಹಾಕಿ ನೋಡಿ, ಒಂದೇ ಪೊಟ್ಟಣದಲ್ಲಿ ಹೋಗುತ್ತೆ" ಅಂದವರೂ ಅವರೇ. ಅದು ಫಲಿಸಿತು. ಅಂದು ಪೊಟ್ಟಣದಿಂದ ಹೊರಗುಳಿದ ಕಾಗದಗಳ ಬದಲಿಗೆ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ದುಡ್ಡು ಕೊಟ್ಟು ಕೊಂಡು, ಓದಿ, ಮೂರನೇ ಕಥೆ ಯಾಕೋ ಹಿಡಿಸಲಿಲ್ಲ ಅಂತ ಮುಖಕ್ಕೇ ಹೇಳಿದ ಸ್ಟಾಫ್ ರೂಮಿನ ಗೆಳತಿಯರೇ, ನಿಮಗೂ ಥ್ಯಾಂಕ್ಸ್. ಅದು ನನಗೂ ಈಗ ಹಿಡಿಸುವುದಿಲ್ಲ. ಎರಡನೇ ಮುದ್ರಣದಲ್ಲಿ ತಿದ್ದುತ್ತೇನೆ.

ಮಂಚದ ಕೆಳಗೆ ಜಾಗ ಖಾಲಿ ಆಗಿದ್ದು ಅತ್ತಿಗೆಗೆ ಗೊತ್ತಾಗಿಬಿಟ್ಟಿದೆ. ನಿನ್ನೆಯೇ ನಾಲ್ಕು ಡಬ್ಬಿ ಸಂಡಿಗೆ ತಂದು ಸರಿಸಿದ್ದಾರೆ.