ಎಲ್ಲಕ್ಕೂ ಗ್ಯಾಸ್ಟ್ರಿಕ್ ಅಂದರೆ ಹೇಗೆ?

ಸಂಪಾದಕರೇ,

ನಮ್ಮಪ್ಪನ ದಿಂಬಿನ ಪಕ್ಕ ವರ್ಷಗಟ್ಟಲೆ ಗುಲಾಬಿ ಬಣ್ಣದ ಔಷಧಿ ಬಾಟಲಿ ಇರುತ್ತಿತ್ತು. ರಾತ್ರಿ ಎರಡು ಗಂಟೆಗೆ ಹೊಟ್ಟೆ ಉರಿ ಎಂದು ಎದ್ದು ಕೂರುತ್ತಿದ್ದರು. ಮುಚ್ಚಳದಲ್ಲಿ ಅಳೆದು ಕುಡಿದು ಮತ್ತೆ ಮಲಗುತ್ತಿದ್ದರು. 'ಖಾರ ಜಾಸ್ತಿ ಆಗಿದೆ, ಗ್ಯಾಸ್ಟ್ರಿಕ್ ಅಷ್ಟೇ' ಎಂಬುದು ಎಲ್ಲರ ಮಾತು. ಅಮ್ಮ ಸಾರಿಗೆ ಮೆಣಸಿನಕಾಯಿ ಹಾಕುವುದನ್ನೇ ಬಿಟ್ಟರು. ಕೊನೆಗೆ ಮಲ ಡಾಂಬರಿನಂತೆ ಕಪ್ಪಗೆ ಹೋದಾಗಲೇ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು) ಆಗಿದ್ದು. ಒಳಗೆ ಹುಣ್ಣಿತ್ತು. ಕಾರಣ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ.

ಇದೇನೂ ಹೊಸ ವಿಷಯವಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1980ರ ದಶಕದಲ್ಲೇ ಇದನ್ನು ಹೇಳಿದ್ದರು. ಹೆಚ್ಚಿನವರು ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬಿದ್ದರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದೇ ಸೋಂಕು ಜಠರದ ಕ್ಯಾನ್ಸರ್‌ಗೂ ದಾರಿ ಮಾಡಬಹುದು.

ಸೋಂಕಿರುವ ಎಲ್ಲರಿಗೂ ಹುಣ್ಣಾಗುವುದಿಲ್ಲ, ನಿಜ. ನೋವಿನ ಮಾತ್ರೆಗಳಿಂದಲೂ ಹುಣ್ಣಾಗುತ್ತದೆ. ಅದಕ್ಕೇ ಅಲ್ವಾ ಪರೀಕ್ಷೆ ಬೇಕಾಗಿರುವುದು? ಉಸಿರಿನ ಅಥವಾ ಮಲದ ಪರೀಕ್ಷೆ ಸಾಕು, ಸೋಂಕು ಗೊತ್ತಾಗುತ್ತದೆ. ಅಪ್ಪ 14 ದಿನ ಆಂಟಿಬಯೋಟಿಕ್ ತಗೊಂಡರು. ಬಾಯೆಲ್ಲ ಕಹಿ ಎಂದು ಮಧ್ಯದಲ್ಲೇ ಬಿಡಲು ಹೊರಟಿದ್ದರು, ನಾವು ಬಿಡಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಆ ಮದ್ದಿಗೇ ಬಗ್ಗದಂತಾಗಬಹುದು. ಈಗ ಅವರು ರಾತ್ರಿಯಿಡೀ ನಿದ್ದೆ ಮಾಡುತ್ತಾರೆ.

ಈ ಪರೀಕ್ಷೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕಡಿಮೆ ಖರ್ಚಿನಲ್ಲಿ ಸಿಗುವಂತೆ ಆರೋಗ್ಯ ಇಲಾಖೆ ಮಾಡಬೇಕು.

– ಓದುಗ, ತುಮಕೂರು