ತಲೆಕೆಳಗಾದ ಡಬ್ಲ್ಯೂ ಬಗ್ಗೆ, ಕೊನೆಯ ಸಲ

ಮುಳ್ಳೇರಿಯ, ಕಾಸರಗೋಡು ಜಿಲ್ಲೆ

ಗ್ರಾಹಕ ಸೇವೆ ವಿಭಾಗದವರಿಗೆ,

ವಿಷಯ: ಟೆನಿಸ್ ರಾಕೆಟಿನ ಗಟ್ (ಬಲೆಯ ತಂತಿ) ಮೇಲೆ ನೀವು ಹಾಕಿದ ಲೋಗೊ

ಮಾನ್ಯರೇ,

ಐದು ಸಲ ಫೋನ್ ಮಾಡಿದ್ದೇನೆ. ಎರಡು ಸಲ ಫೋಟೊ ಕಳಿಸಿದ್ದೇನೆ. ಸಿಟ್ಟು ಮಾಡದೆ ಬರೆಯಿರಿ ಅಂತ ಮನೆಯಲ್ಲಿ ಹೇಳಿದ್ದಾರೆ. ನೋಡುವ.

ಮೊಮ್ಮಗಳ ವಿಲ್ಸನ್ ರಾಕೆಟನ್ನು ಗಟ್ಟಿಂಗಿಗೆ, ಅಂದರೆ ಹೊಸ ಗಟ್ ಕಟ್ಟಿಸಲಿಕ್ಕೆ ಅಂತ ಕಳೆದ ತಿಂಗಳು ಬೆಂಗಳೂರಿಗೆ, ನಿಮಗೆ, ಕೊರಿಯರ್ ಮಾಡಿದೆ. ಮಂಗಳೂರಿನಲ್ಲಿ ಗಟ್ಟಿಂಗ್ ಹಾಕುವವರು ಇಲ್ಲದ್ದಲ್ಲ. ವಾರಕ್ಕೆರಡು ದಿನ ಅವಳು ತಲಪಾಡಿ ಗಡಿ ದಾಟಿ ಅಭ್ಯಾಸಕ್ಕೆ ಹೋಗುವುದು ಅಲ್ಲಿಗೇ. ಆದರೆ ನಾವು ಯಾವಾಗಲೂ ಕೊಡುವವರ ಹತ್ತಿರ ಲೋಗೊದ ಸ್ಟೆನ್ಸಿಲ್, ಅಂದರೆ ಇಂಕು ಹಚ್ಚುವ ಅಚ್ಚು, ಇಲ್ಲ. ಇವಳಿಗೆ ಟಿವಿಯಲ್ಲಿ ಕಾಣುವ ಹಾಗೆ ಗಟ್ ಮೇಲೆ ಕೆಂಪು ಡಬ್ಲ್ಯೂ ಬೇಕು. ಅದರಿಂದ ಆಟಕ್ಕೆ ಏನೂ ಆಗುವುದಿಲ್ಲ ಅಂತ ನನಗೂ ಗೊತ್ತು. ಅದು ರಾಕೆಟ್ ಕಂಪೆನಿಯ ಜಾಹೀರಾತು. ದೊಡ್ಡ ಆಟಗಾರರು ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ, ನಾವು ಕೊಟ್ಟು ಹಾಕಿಸಿಕೊಂಡೆವು. ಗಟ್ಟಿಂಗಿಗೆ 950, ಸ್ಟೆನ್ಸಿಲಿಗೆ 100, ಕೊರಿಯರಿಗೆ ಹೋಗಿ ಬರಲು 360. ಹನ್ನೆರಡು ವರ್ಷದ ಹುಡುಗಿಯ ಆಸೆ, ಇರಲಿ ಅಂತ.

ಬಂದ ರಾಕೆಟಿನಲ್ಲಿ ಡಬ್ಲ್ಯೂ ಇರಲಿಲ್ಲ. ಎಂ ಇತ್ತು. "ಎಂ ಅಂದ್ರೆ ಮುಳ್ಳೇರಿಯವಾ?" ಅಂತ ಪಕ್ಕದ ಮನೆಯ ಹುಡುಗ ಕೇಳಿದ. ನಮ್ಮಲ್ಲಿ ಅಡಿಕೆ ಗೋಣಿಗೆ ತಗಡಿನ ಅಚ್ಚಿಟ್ಟು ಮಾರ್ಕು ಹಾಕುವವನೂ ಮೇಲೆ ಯಾವುದು, ಕೆಳಗೆ ಯಾವುದು ಅಂತ ಮೊದಲು ನೋಡುತ್ತಾನೆ. ಅವನಿಗೆ ನಿಮ್ಮ ಹಾಗೆ ವೆಬ್‌ಸೈಟ್ ಇಲ್ಲ.

ಅದೂ ಸರಿಯಾಗಿ ಒಣಗಿರಲಿಲ್ಲ. ಗಟ್ಟಿನ ಹಿಂದೆ ರಟ್ಟು ಇಡಬೇಕು, ಇಂಕನ್ನು ತೆಳುವಾಗಿ ಹಚ್ಚಬೇಕು, ಒಂದು ಬದಿ ಒಣಗಿದ ಮೇಲೆ ಇನ್ನೊಂದು ಬದಿ, ಅದೂ ಒಣಗಿದ ಮೇಲೆಯೇ ಕವರಿಗೆ. ಇದೆಲ್ಲ ನಿಮ್ಮ ವಿಡಿಯೋದಲ್ಲೇ ಉಂಟು. ನಮ್ಮ ರಾಕೆಟಿನಲ್ಲಿ ಇಂಕು ಅಡ್ಡ ಗಟ್ಟುಗಳ ಉದ್ದಕ್ಕೂ ಹರಿದು ಕವರಿಗೆ ಅಂಟಿತ್ತು. ಮೊದಲ ದಿನವೇ ಹಳದಿ ಚೆಂಡುಗಳಿಗೆಲ್ಲ ಕೆಂಪು ಮೆತ್ತಿಕೊಂಡಿತು, ಕುಂಕುಮ ಹಚ್ಚಿದ ಲಿಂಬೆಹಣ್ಣಿನ ಹಾಗೆ. ಇದನ್ನು ಯಾರು ಮಂತ್ರಿಸಿ ಕೊಟ್ಟದ್ದು ಅಂತ ಕೋಚ್ ಕೇಳಿದರಂತೆ.

ಈಗ ಮೂರನೇ ಫೋನಿನ ವಿಷಯ. ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ತರಬೇತಿಗಾಗಿ ಕರೆ ರೆಕಾರ್ಡ್ ಮಾಡುತ್ತೇವೆ ಅನ್ನುತ್ತೀರಲ್ಲ, ಅದನ್ನು ತೆಗೆದು ಕೇಳಿ. ತರಬೇತಿಗೆ ಒಳ್ಳೆಯದು.

ನಿಮ್ಮ ಹುಡುಗ ಮಲಯಾಳದಲ್ಲಿ ಶುರು ಮಾಡಿದ. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ.

"ಕೇರಳದವರಾಗಿ ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀರಾ ಅಂಕಲ್!"

29 ವರ್ಷ ಕನ್ನಡ ಮೀಡಿಯಂ ಶಾಲೆಯಲ್ಲಿ ಪಿಟಿ ಮಾಷ್ಟ್ರಾಗಿದ್ದವ ನಾನು. ರಾಷ್ಟ್ರಕವಿ ಗೋವಿಂದ ಪೈಗಳು ಇದ್ದ ಮಂಜೇಶ್ವರ ಇದೇ ಜಿಲ್ಲೆಯಲ್ಲಿರುವುದು. ಇದೆಲ್ಲ ಬಾಯಿಯವರೆಗೆ ಬಂತು. ಹೇಳಿದ್ದು ಮಾತ್ರ "ಥ್ಯಾಂಕ್ಸ್" ಅಂತ. ಈಗಲೂ ನನಗೆ ಉರಿಯುವುದು ಅದೇ.

"ಏನ್ ಪ್ರಾಬ್ಲಮ್ ಅಂಕಲ್?"

"ಡಬ್ಲ್ಯೂ ತಲೆಕೆಳಗಾಗಿದೆ."

"ರಾಕೆಟ್ ಕೈಯಲ್ಲಿದೆಯಾ?"

"ಉಂಟು."

"ಹಿಡಿ ಮೇಲೆ ಬರೋ ಹಾಗೆ ತಿರುಗಿಸಿ."

ತಿರುಗಿಸಿದೆ. ಯಾಕೆ ತಿರುಗಿಸಿದೆನೋ, ದೇವರಿಗೇ ಗೊತ್ತು.

"ಈಗ ಏನ್ ಕಾಣ್ತಿದೆ?"

"ಡಬ್ಲ್ಯೂ."

"ಸರಿ ಇದೆ, ಅಲ್ವಾ ಅಂಕಲ್?"

ಫೋನು ಸ್ಪೀಕರಿನಲ್ಲಿತ್ತು. ಜಗಲಿಯಲ್ಲಿ ಹೆಂಡತಿ, ಮೊಮ್ಮಗಳು, ತೆಂಗಿನಕಾಯಿ ಕೀಳಲು ಬಂದವ, ಮೂವರೂ ನೋಡುತ್ತಿದ್ದರು. ನಾನು ರಾಕೆಟಿನ ತಲೆಯನ್ನು ನೆಲಕ್ಕೆ ಮಾಡಿ ಹಿಡಿದು, ಒಂದನೇ ಕ್ಲಾಸಿನ ಹುಡುಗನ ಹಾಗೆ ಅಕ್ಷರ ಓದಿ ಒಪ್ಪಿಸುತ್ತಿದ್ದೆ. ಕಾಯಿ ಕೀಳುವವ ಆಚೆ ತಿರುಗಿ ನಕ್ಕ. ಮೊಮ್ಮಗಳು ನಗಲಿಲ್ಲ, ಒಳಗೆ ಹೋದಳು.

ಆಡುವಾಗ ಹಾಗೆ ಹಿಡಿಯುವುದಿಲ್ಲವಲ್ಲ ಅಂದೆ. "ಅದು ಕಸ್ಟಮರ್ ಯೂಸೇಜ್ ಅಂಕಲ್" ಅಂದ. ಹಾಗಾದರೆ ಪೆಟ್ಟಿಗೆಯೊಳಗೆ ಒಂದು ಚೀಟಿ ಹಾಕಿ ಮಾರಾಯ್ರೆ: ಸರ್ವ್ ಮಾಡುವಾಗ ತಲೆಯನ್ನು ಕೈಯಲ್ಲಿ ಹಿಡಿದು ಹಿಡಿಯಿಂದ ಹೊಡೆಯಿರಿ ಅಂತ.

ನಾಲ್ಕನೇ ಸಲ ಸಿಕ್ಕಿದ ಹುಡುಗಿ ನೈಲ್ ಪಾಲಿಶ್ ರಿಮೂವರಿನಲ್ಲಿ ಒರೆಸಲು ಹೇಳಿದಳು. ಒರೆಸಿದೆವು. ಎಂ ಹೋಗಲಿಲ್ಲ, ಅಗಲವಾಯಿತು. ತಾಗಿದ ಕಡೆ ಫ್ರೇಮಿನ ಕಪ್ಪು ಪೇಂಟ್ ಮಾತ್ರ ಚೆನ್ನಾಗಿ ಹೋಯಿತು. ಐದನೇ ಸಲ ಅದಕ್ಕೆ ಉತ್ತರ: ಪೇಂಟ್ ಹಾಳು ಮಾಡಿದ್ದು ಗ್ರಾಹಕರು, ಆದ್ದರಿಂದ ಮರುಕೆಲಸ ಇಲ್ಲ.

ಕೆಲಸದಲ್ಲಿ ತಪ್ಪಿದ್ದರೆ ಏಳು ದಿನದೊಳಗೆ ತಿಳಿಸಬೇಕು ಅಂತ ಷರತ್ತು ನಿಮ್ಮದೇ. ನಾನು ಮೊದಲು ಫೋನ್ ಮಾಡಿದ್ದು ಎರಡನೇ ದಿನ.

ಆ ದಿನ ನನಗೆ ಬೇಕಾಗಿದ್ದದ್ದು 100 ರೂಪಾಯಿ ಮತ್ತು ಒಂದು 'ತಪ್ಪಾಯಿತು'. ಈಗ ಪೂರ್ತಿ 1,410 ರೂಪಾಯಿ, ಮೇಲೆ ಪೇಂಟಿನ ಖರ್ಚು. ನಿಜ ಹೇಳಬೇಕಾದರೆ ಅದನ್ನೂ ನೀವು ಕೊಡದಿದ್ದರೆ ನನಗೆ ಖುಷಿಯೇ. ಯಾಕೆಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುವುದು ಹೇಗೆ ಅಂತ ಕಲಿತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಬೆಂಗಳೂರಿನಲ್ಲಿ ಕೂತಿದ್ದರೂ ನಾನು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಐದು ಲಕ್ಷದವರೆಗೆ ಫೀಸೂ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ದೂರು ಕೊಡಲು ಎರಡು ವರ್ಷ ಸಮಯ ಉಂಟು. ನನಗೆ ಪೆನ್ಷನ್ ಆಗಿದೆ, ಬೇರೆ ಕೆಲಸವೂ ಇಲ್ಲ. ರಾಕೆಟ್ ಹಿಡಿದುಕೊಂಡೇ ಹೋಗುತ್ತೇನೆ. ಅಲ್ಲಿ ಅದನ್ನು ಹೇಗೆ ತಿರುಗಿಸಿ ನೋಡಬೇಕು ಅಂತ ಹೇಳಿಕೊಡಲು ಆ ಹುಡುಗನನ್ನೇ ಕಳಿಸಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ನೋಟಿಸು ಕಾಸರಗೋಡಿನಿಂದ ಬರುತ್ತದೆ. ಅದು ಮಲಯಾಳದಲ್ಲಿದ್ದು ಓದಲು ಕಷ್ಟವಾದರೆ ನನಗೇ ಫೋನ್ ಮಾಡಿ, ಓದಿ ಹೇಳುತ್ತೇನೆ. ಅದನ್ನು ನಾನು ನಿಜವಾಗಿಯೂ ಕಲಿತದ್ದು.

ಇತಿ,
ನಿಮ್ಮ ಅಂಕಲ್